ಹೆಚ್ಚಿದ ಬಳೆಗಳು

ಬನಹಟ್ಟಿಯ ಮಂಗಳವಾರ ಪೇಟೆಯಲ್ಲಿ ಇಂದ್ರವ್ವನ ಬಳೆ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಆದರೆ ಆ ಅಂಗಡಿಯೊಳಗೆ ಮೂರು ಮಾತುಗಳಿಗೆ ಮಾತ್ರ ಜಾಗವಿಲ್ಲ. ಇಲ್ಲ, ಮುಗೀತು, ಒಡೀತು. ಮುತ್ತೈದೆಯರು ಕೈ ಚಾಚಿ ಕೂರುವ ಜಾಗದಲ್ಲಿ ಇಂಥ ಅಪಶಕುನದ ಮಾತನ್ನು ಯಾಕಾದರೂ ಆಡಬೇಕು ಎಂಬುದು ಇಂದ್ರವ್ವನ ವಾದ. ಗಿರಾಕಿ ಕೇಳಿದ ಬಳೆ ಅಂಗಡಿಯಲ್ಲಿ ಇರದಿದ್ದರೆ "ಬರ್ತಾವ, ಸೋಮವಾರ ಬರ್ರಿ" ಎನ್ನುತ್ತಾಳೆ. ಡಬ್ಬಿ ಬರಿದಾದರೆ "ತುಂಬಬೇಕು" ಎನ್ನುತ್ತಾಳೆ. ಇನ್ನು ಗಾಜಿನ ಬಳೆ ಒಡೆದರಂತೂ ನಮ್ಮ ಕಡೆಯ ಹೆಂಗಸರೆಲ್ಲ ಅನ್ನುವ ಹಾಗೆಯೇ "ಹೆಚ್ಚಿತು" ಎನ್ನುತ್ತಾಳೆ. ಒಂದು ಒಡೆದರೆ ಒಂದು ಹೆಚ್ಚಿತು, ಹತ್ತು ಒಡೆದರೆ ಹತ್ತು ಹೆಚ್ಚಿದವು. ಗೊತ್ತಿಲ್ಲದೆ ಯಾವಳಾದರೂ ಕಾಲೇಜು ಹುಡುಗಿ "ಅಯ್ಯ, ಒಡದೋತಲ್ರೀ" ಅಂದರೆ ಮುಗಿಯಿತು. ಆ ಹುಡುಗಿ ಬಳೆ ಜೊತೆಗೆ ಅರ್ಧ ತಾಸಿನ ಉಪದೇಶವನ್ನೂ ಕಟ್ಟಿಸಿಕೊಂಡು ಹೋಗಬೇಕು.

ಮೂವತ್ತೆರಡು ವರ್ಷ ಅಂಗಡಿಯ ಮಾಲೆಲ್ಲ ಇಂದ್ರವ್ವನ ತಲೆಯೊಳಗೇ ಇತ್ತು. ಯಾವ ಹಲಗೆಯ ಮೇಲೆ ಯಾವ ಬಣ್ಣ, ಯಾವ ಅಳತೆ, ಎಷ್ಟು ಡಜನ್, ಎಲ್ಲ ಬಾಯಿಪಾಠ. ಗಂಡ ಶಿದ್ರಾಮಪ್ಪ ಮತ್ತು ಮಗ ವೀರೇಶ ಮನೆಯ ಹಿಂದಿನ ನಾಲ್ಕು ಪವರ್‌ಲೂಮ್ ನೋಡಿಕೊಳ್ಳುತ್ತಿದ್ದರು. ಆ ಮಗ್ಗಗಳ ಗದ್ದಲದಲ್ಲಿ ಗಂಡಸರಿಬ್ಬರಿಗೂ ಅಂಗಡಿಯ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಬಿದ್ದರೂ ಬೀಳಲಿಲ್ಲವೆಂಬಂತೆ ಇರುವ ಜಾಣತನವನ್ನು ಶಿದ್ರಾಮಪ್ಪ ಮದುವೆಯಾದ ಹೊಸದರಲ್ಲೇ ಕಲಿತಿದ್ದ.

ಈ ಸುಖದ ರಾಜ್ಯಕ್ಕೆ ಕಂಪ್ಯೂಟರ್ ತಂದವಳು ಸೊಸೆ ವೈಶಾಲಿ. ಮುಧೋಳದವಳು, ಬಿ.ಕಾಂ. ಓದಿದವಳು. ಅವಳ ಅಣ್ಣ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ತಂಗಿಗೆ ಕೊಟ್ಟಿದ್ದ. ಅದರಲ್ಲಿ ಸಣ್ಣ ಅಂಗಡಿಗಳ ಮಾಲು ನೋಡಿಕೊಳ್ಳುವ ಒಂದು ಸಾದಾ ಲೆಕ್ಕದ ಸಾಫ್ಟ್‌ವೇರ್. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಅದು ಹೇಳುತ್ತದೆ. ಕಂಪ್ಯೂಟರಿಗೆ ಬರೆದದ್ದು ಫೋನಿನಲ್ಲಿ ಕಾಣುತ್ತದೆ, ಫೋನಿನಲ್ಲಿ ಒತ್ತಿದ್ದು ಕಂಪ್ಯೂಟರಿಗೆ ಹೋಗುತ್ತದೆ.

"ನನ್ನ ತಲಿ ಏನ್ ಹುಳಾ ಹಿಡದೈತೇನಬೇ?" ಎಂದಳು ಇಂದ್ರವ್ವ.

"ತಲಿ ಛಲೋ ಐತ್ರಿ ಅತ್ತಿ. ಆದ್ರ ನೀವು ಲಗ್ನಕ್ಕ ಊರಿಗೆ ಹೋದಾಗ ತಲೀನೂ ನಿಮ್ಮ ಜೋಡಿನ ಹೋಗ್ತೈತಲ್ರಿ. ಇಲ್ಲಿ ಗಿರಾಕಿ ಬಂದು ಕೇಳಿದ್ರ ನಾ ಏನ್ ಹೇಳ್ಲಿ?"

ಮಾತು ಖರೆಯೇ ಆಗಿತ್ತು. ಖರೆ ಮಾತಿಗೆ ಇಂದ್ರವ್ವನಿಗೆ ಬರುವಷ್ಟು ಸಿಟ್ಟು ಸುಳ್ಳು ಮಾತಿಗೂ ಬರುವುದಿಲ್ಲ. ಎರಡು ದಿನ ಮುಖ ದಪ್ಪ ಮಾಡಿಕೊಂಡು ಓಡಾಡಿ, ಮೂರನೆಯ ದಿನ ಶರತ್ತು ಹಾಕಿದಳು. "ಗಣೇಶ ಚೌತಿ ತನಕಾ ಇರ್ಲಿ. ಈ ಡಬ್ಬಿ ಮಾತು ನಂಬಿ ಒಂದ ಒಂದು ಆರ್ಡರ್ ತಪ್ಪಿದ್ರೂ, ಅದು ವಾಪಸ್ ಮುಧೋಳಕ್ಕ. ಆಮ್ಯಾಲ ಅಂಗಡಿ ಉಸಾಬರಿ ನಿನಗ ಬ್ಯಾಡ, ನೀ ಒಳಗ ರೊಟ್ಟಿ ಬಡಕೋತ ಇರು."

"ಹೂಂ ರೀ" ಎಂದಳು ವೈಶಾಲಿ. ರೊಟ್ಟಿ ಬಡಿಯುವುದು ಅವಳಿಗೆ ಬಾರದ ಕೆಲಸವಲ್ಲ. ಆದರೆ ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಅವಳು ಈ ಮನೆಯಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಯುಗಾದಿ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಹಲಗೆ ಹಲಗೆ ಇಳಿಸಿ ಬಳೆ ಎಣಿಸಿದರು. ವೈಶಾಲಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಆಮೇಲೆ ಅತ್ತೆಗೆ ಫೋನು ಕಲಿಸಲು ಕೂತಳು. ಮಾಲು ಬಂದರೆ ಇಲ್ಲಿ, ಮಾರಿದರೆ ಇಲ್ಲಿ. ಇಂದ್ರವ್ವ ಒಂದೇ ಮುಂಜಾನೆಯಲ್ಲಿ ಕಲಿತಳು. ಬಳೆ ಅಳತೆಯನ್ನು ಕೈ ನೋಡಿಯೇ ಹೇಳುವವಳಿಗೆ ಇದೇನು ಮಹಾ! ಉಳಿದದ್ದು ಒಡೆದ ಬಳೆಗಳ ಲೆಕ್ಕ. ಗಾಜಿನ ವ್ಯಾಪಾರದಲ್ಲಿ ಅದು ದಿನಾ ಇದ್ದದ್ದೇ. ಸೊಸೆಯ ಬಾಯಿಗೆ 'ಒಡೆದ' ಎಂಬ ಮಾತು ಬಂತು, ಆದರೆ ಕೂತ ಜಾಗ ನೆನಪಾಗಿ ಅದನ್ನು ನುಂಗಿಕೊಂಡಳು.

"ಅತ್ತಿ, ಬಳಿ ಹೆಚ್ಚಿದಾಗೆಲ್ಲಾ ಇಲ್ಲಿಗೆ ಬಂದು ಒತ್ತರಿ. ಒಂದ ದಿನಾನೂ ಬಿಡಬ್ಯಾಡ್ರಿ" ಎಂದು ಒಂದು ಪುಟ ತೆಗೆದು ತೋರಿಸಿದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಗಿ ಒಳಗೆ ಓಡಿದಳು.

ಆ ಪುಟದಲ್ಲಿ ಎರಡು ಗುಂಡಿಗಳಿದ್ದವು. ಕೆಂಪು ಗುಂಡಿಯ ಮೇಲೆ 'ಕಡಿಮೆ', ಹಸಿರು ಗುಂಡಿಯ ಮೇಲೆ 'ಹೆಚ್ಚು'. ಇಂದ್ರವ್ವ ಕನ್ನಡಕ ಏರಿಸಿ ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖ ಅರಳಿತು. "ಅಬ್ಬಾ ನನ್ನ ಕಂದಾ!" ಎಂದು ಫೋನಿನ ಬೆನ್ನು ತಟ್ಟಿದಳು. "ಯಾರ ಮಾಡ್ಯಾರೋ ಏನೋ ನಿನ್ನ, ರೀತಿ ರಿವಾಜ ಗೊತ್ತಿದ್ದವರ ಮಾಡ್ಯಾರ." ಆ ಗಳಿಗೆಯಿಂದ ಅವಳಿಗೆ ಕಂಪ್ಯೂಟರ್ ಮೇಲೆ ಇದ್ದ ಸಿಟ್ಟು ಅರ್ಧ ಇಳಿಯಿತು. ಕೆಂಪು ಗುಂಡಿಯ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಬಳೆ ಅಂಗಡಿಯಲ್ಲಿ ಕಡಿಮೆ ಅನ್ನುವವರುಂಟೇ?

ಎಂಥ ಅನಾಹುತ ಆಯಿತೆಂದು ನಿಮಗೆ ಹೊಳೆದಿರಬೇಕು. ಆ ತಾಯಿಗೆ ಹೊಳೆಯಲಿಲ್ಲ. ದಿನಾ ಸಂಜೆ ದೀಪ ಹಚ್ಚಿ, ಬಳೆ ಚೂರು ತುಂಬಿದ ಡಬ್ಬಿಯನ್ನು ಮುಂದಿಟ್ಟುಕೊಂಡು, ಎಷ್ಟು ಡಜನ್ ಒಡೆದಿವೆಯೋ ಅಷ್ಟನ್ನೂ ಭಕ್ತಿಯಿಂದ 'ಹೆಚ್ಚು' ಗುಂಡಿ ಒತ್ತಿ ಬರೆಯುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಬರೆದಳು. ಜ್ಯೇಷ್ಠದಲ್ಲಿ ಹಸಿರು ಬಳೆಯ ಡಬ್ಬಿ ತರುತ್ತಿದ್ದ ಆಟೋ ರಬಕವಿ ರಸ್ತೆಯ ಗುಂಡಿಗೆ ಧಡಕ್ಕನೆ ಬಿದ್ದು ಹನ್ನೆರಡು ಡಜನ್ ಒಂದೇ ಸಲಕ್ಕೆ ಪುಡಿಯಾದವು. ಇಂದ್ರವ್ವ ಆಟೋದವನಿಗೆ ಮಂಗಳಾರತಿ ಎತ್ತಿ, ಫೋನು ತೆಗೆದು, "ಹನ್ನೆರಡು ಡಜನ್ ಹೆಚ್ಚಿದವು" ಎಂದು ನಿಟ್ಟುಸಿರು ಬಿಟ್ಟು ಒತ್ತಿದಳು. ವೈಶಾಲಿ ಖರೀದಿ ನೋಡುತ್ತಿದ್ದಳು, ಮಾರಾಟ ನೋಡುತ್ತಿದ್ದಳು. ಆ ಪುಟವನ್ನು ಮಾತ್ರ ತೆಗೆದು ನೋಡಲಿಲ್ಲ. ಅತ್ತೆ ಬರೆದದ್ದನ್ನು ತಪಾಸು ಮಾಡುವ ಸೊಸೆಯಲ್ಲ ಅವಳು.

ಹೀಗೆ ಇಂದ್ರವ್ವನ ಅಂಗಡಿಯಲ್ಲಿ ಬಳೆ ಒಡೆದಷ್ಟೂ ಮಾಲು ಬೆಳೆಯುತ್ತ ಹೋಯಿತು.

ಶ್ರಾವಣದ ಒಂದು ಬುಧವಾರ ಹುನ್ನೂರಿನ ಯಲ್ಲಕ್ಕನ ಫೋನು ಬಂತು. ವೈಶಾಲಿ ಎತ್ತಿಕೊಂಡಳು. ಯಲ್ಲಕ್ಕ ಹುನ್ನೂರಿನ ಮಹಿಳಾ ಸಂಘದ ಅಧ್ಯಕ್ಷೆ. ಬೀರೇಶ್ವರನ ಒಕ್ಕಲಿನವಳು, ಕುರಿ ಹಿಂಡನ್ನೂ ಸಂಘದ ಹೆಂಗಸರನ್ನೂ ಒಂದೇ ದನಿಯಲ್ಲಿ ಸಂಭಾಳಿಸುವ ಗಟ್ಟಿಗಿತ್ತಿ. ಶುಕ್ರವಾರ ಸಂಘದ ವತಿಯಿಂದ ಊರಿನ ಮತ್ತು ಸುತ್ತಲಿನ ನಲವತ್ತು ಬಸುರಿಯರಿಗೆ ಒಟ್ಟಿಗೆ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಒಬ್ಬೊಬ್ಬಳಿಗೆ ಎರಡು ಡಜನ್ ಹಸಿರು ಬಳೆ.

"ಎಂಬತ್ತು ಡಜನ್ ಬೇಕು ತಂಗಿ. ಜಮಖಂಡಿ ಅಣ್ಣಾಸಾಹೇಬನ ಅಂಗಡ್ಯಾಗ ಹೇಳಬೇಕಂತ ಮಾಡಿದ್ದೆ. ಆದ್ರ ನಿಮ್ಮತ್ತಿ ಕೈಲೆ ಬಳಿ ಇಡಿಸ್ಕೊಂಡಾಕಿ ನಾನು, ನನ್ನ ಮೂರೂ ಮಕ್ಕಳು ಛಲೋ ಅದಾವ. ನೀವು ಹೌದಂದ್ರ ಅವಗ ಬ್ಯಾಡಂತ ಹೇಳ್ತೀನಿ."

ಮೊದಲಿನ ದಿನಗಳಾಗಿದ್ದರೆ ಇಂದ್ರವ್ವ ಏಣಿ ಹಾಕಿ ಮೇಲಿನ ಹಲಗೆ ನೋಡದೆ ಉತ್ತರ ಕೊಡುತ್ತಿರಲಿಲ್ಲ. ಅವತ್ತು ಅವಳ ಎದುರಿಗೆ ಐದು ಗಿರಾಕಿಗಳು ಕೈ ಚಾಚಿ ಕೂತಿದ್ದರು. ವೈಶಾಲಿ ಫೋನು ನೋಡಿದಳು. ಹಸಿರು ಬಳೆ, ಎಂಬತ್ತನಾಲ್ಕು ಡಜನ್. ಅತ್ತೆಗೂ ತೋರಿಸಿದಳು. ಇಂದ್ರವ್ವ ಬೀಗಿ "ಹೂಂ ಅನ್ನು" ಎಂದಳು.

"ಅದಾವ್ರಿ ಯಲ್ಲಕ್ಕಾ. ಎಂಬತ್ನಾಕ ಡಜನ್ ಅದಾವ. ಶುಕ್ರವಾರ ನಾವ ಬಂದು ಇಡಿಸ್ತೀವಿ" ಎಂದಳು ವೈಶಾಲಿ. ಮುಖವೆಲ್ಲ ನಗೆ. ಕಂಪ್ಯೂಟರ್ ತಂದ ಮೇಲೆ ಬಂದ ಎಲ್ಲಕ್ಕಿಂತ ದೊಡ್ಡ ಆರ್ಡರ್ ಅದು.

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಳೆ ಕಟ್ಟಲು ಕೂತರು. ವೈಶಾಲಿ ಏಣಿ ಹತ್ತಿ ಡಬ್ಬಿ ಇಳಿಸಿದಳು, ಇಂದ್ರವ್ವ ಡಜನ್ ಡಜನ್ ಎಣಿಸಿದಳು. ಮೂವತ್ತೆಂಟಕ್ಕೆ ಡಬ್ಬಿಗಳು ನಿಂತವು.

"ಇನ್ನೂ ಕೊಡಬೇ" ಎಂದಳು ಇಂದ್ರವ್ವ, ಕೈ ಮೇಲೆತ್ತಿ.

ಸೊಸೆ ಬರಿಯ ಹಲಗೆಯ ಮೇಲೆ ಕೈಯಾಡಿಸುತ್ತಿದ್ದಳು.

ಕಪಾಟು ನೋಡಿದರು, ಮಂಚದ ಕೆಳಗೆ ನೋಡಿದರು, ಮಗ್ಗದ ಕೋಣೆಯಲ್ಲಿ ನೂಲಿನ ಚೀಲಗಳ ಹಿಂದೆ ನೋಡಿದರು. ಶಿದ್ರಾಮಪ್ಪ ಏನು ಹುಡುಕುತ್ತೀರಿ ಎಂದು ಕೇಳಿ, ಹೆಂಡತಿಯ ಮುಖ ನೋಡಿ, ಉತ್ತರಕ್ಕೆ ಕಾಯದೆ ಮಗ್ಗಕ್ಕೆ ಮರಳಿದ. ಎರಡು ಸಲ ಎಣಿಸಿದರು, ಮೂರು ಸಲ ಎಣಿಸಿದರು. ಮೂವತ್ತೆಂಟು ಅಂದರೆ ಮೂವತ್ತೆಂಟೇ.

ನಾಳೆ ಹನ್ನೊಂದು ಗಂಟೆಗೆ ನಲವತ್ತು ಜನ ಬಸುರಿಯರು ಸಾಲಾಗಿ ಕೂತು ಕೈ ಚಾಚುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನರ ಕೈ ಊರೆದುರು ಬರಿದಾಗಿಯೇ ಉಳಿಯುತ್ತದೆ. ಚೊಚ್ಚಲ ಬಸುರಿ ಎಷ್ಟು ಆಸೆಯಿಂದ ಬಂದಿರುತ್ತಾಳೋ! ಸಂಕಟವಾದರೆ ಇಂದ್ರವ್ವನ ನಾಲಿಗೆ ಸುಮ್ಮನಿರುವುದಿಲ್ಲ.

"ನಿನ್ನ ಡಬ್ಬಿ ನನ್ನ ಮಾರಿಗೆ ಮಸಿ ಬಳೀತಲ್ಲಬೇ! ಮೂವತ್ತೆರಡು ವರ್ಷ ಒಂದ ಆರ್ಡರ್ ತಪ್ಪಿಸಿರಲಿಲ್ಲ ನಾನು. ಒಂದ ಆರ್ಡರ್!"

ವೈಶಾಲಿ ಎದುರಾಡಿದ್ದರೆ ಇಂದ್ರವ್ವನಿಗೆ ಹಗುರಾಗುತ್ತಿತ್ತು. "ಶರತ್ತು ಶರತ್ತರಿ ಅತ್ತಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಕಂಪ್ಯೂಟರಿನ ವಾಯರು ಕಿತ್ತು ಸುತ್ತುವ ಸದ್ದು, ಹಳೆಯ ರಟ್ಟಿನ ಪೆಟ್ಟಿಗೆ ಎಳೆಯುವ ಸದ್ದು, ನಡುವೆ ಮೂಗೆಳೆಯುವ ಸದ್ದು ಹೊರಗೆ ಕೇಳಿಸಿತು.

ಇಂದ್ರವ್ವ ಒಬ್ಬಳೇ ಕೂತು ಇದ್ದ ಬಳೆಗಳನ್ನು ದಾರದಿಂದ ಕಟ್ಟತೊಡಗಿದಳು. ಕಣ್ಣು ಒಳಬಾಗಿಲ ಕಡೆಗೇ ಇತ್ತು. ಒಂದು ಡಜನ್ ಬೆರಳ ಸಂದಿಯಿಂದ ಜಾರಿ ಫರಸಿಯ ಮೇಲೆ ಬಿದ್ದು ಚೂರು ಚೂರಾಯಿತು. "ಅಯ್ಯ ಶಿವನ, ಇರೋದ್ರಾಗೂ ಒಂದು ಡಜನ್ ಹೆಚ್ಚಿದ್ವು" ಎಂದು ಗೊಣಗಿದಳು. ನಾಲ್ಕು ತಿಂಗಳ ರೂಢಿ ನೋಡಿ, ಹೆಬ್ಬೆರಳು ತಾನಾಗಿಯೇ ಫೋನಿಗೆ ಹೋಯಿತು. ಹಸಿರು ಬಳೆ, ಒಂದು ಡಜನ್, ಹೆಚ್ಚು.

ಎಂಬತ್ತನಾಲ್ಕು ಇದ್ದದ್ದು ಎಂಬತ್ತೈದಾಯಿತು.

ಇಂದ್ರವ್ವ ಫೋನು ನೋಡಿದಳು. ನೆಲದ ಮೇಲಿನ ಚೂರು ನೋಡಿದಳು. ಮತ್ತೆ ಫೋನು ನೋಡಿದಳು. ಚೂರಾದ ಬಳೆಯನ್ನು ಆ ಫೋನು ಹೊಸ ಬಳೆಯೆಂದು ಕೂಡಿಸಿಕೊಂಡು ಕೂತಿತ್ತು. ಇವತ್ತಿನದಷ್ಟೇ ಅಲ್ಲ. ಆಟೋದಲ್ಲಿ ಪುಡಿಯಾದ ಹನ್ನೆರಡು ಡಜನ್, ಜ್ವರ ಬಂದ ದಿನದ ಒಂದು ಡಜನ್, ದಿನಾ ಸಂಜೆ ದೀಪ ಹಚ್ಚಿ ಒತ್ತಿದ್ದೆಲ್ಲ. ತಪ್ಪು ಡಬ್ಬಿಯದಲ್ಲ. ಈ ಹೆಬ್ಬೆರಳಿನದು.

ಒಳಗೆ ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚುವ ಸದ್ದು. ಯಾರೂ ನೋಡಿಲ್ಲ. ಸುಳ್ಳು ಯಾಕೆ ಹೇಳಬೇಕು, ಒಂದು ಕ್ಷಣ ಇಂದ್ರವ್ವನ ಮನಸ್ಸು ಸೋತಿತು. ಸುಮ್ಮನಿದ್ದರೆ ಸಾಕು. ಡಬ್ಬಿ ನಾಳೆ ಮುಧೋಳಕ್ಕೆ ಹೋಗುತ್ತದೆ, ಅಂಗಡಿ ಮೊದಲಿನ ಹಾಗೆ ತನ್ನ ತಲೆಯೊಳಗೆ ಬಂದು ಕೂರುತ್ತದೆ, ಬೇಕೆಂದವರು ತನ್ನನ್ನೇ ಕೇಳಬೇಕು. ಇಂದ್ರವ್ವ ಎಂದರೆ ಇಂದ್ರವ್ವ. ಆಗ ಒಳಗಿನಿಂದ ಸೊಸೆ ಇನ್ನೊಮ್ಮೆ ಮೂಗೆಳೆದಳು. ಆ ಸದ್ದು ಇಂದ್ರವ್ವನ ಕರುಳಿಗೆ ನಾಟಿತು. ಮೂರು ವರ್ಷದಲ್ಲಿ ಒಮ್ಮೆಯೂ ಎದುರಾಡದ ಹುಡುಗಿ, ತಾನು ಮಾಡದ ತಪ್ಪಿಗೆ ಟೇಪು ಹಚ್ಚುತ್ತ ಕೂತಿದ್ದಾಳೆ! ಥೂ ನಿನ್ನ, ಎಂದು ಇಂದ್ರವ್ವ ತನ್ನ ಹೆಬ್ಬೆರಳಿಗೇ ಬೈದಳು.

"ವೈಶಾಲೀ! ಏ ವೈಶಾಲೀ! ಟೇಪ್ ಹರಿ! ಹರಿದ ಒಗಿ! ಮೊದ್ಲ ಇಲ್ಲಿ ಬಾ!"

ಏನಾಯಿತೋ ಎಂದು ವೈಶಾಲಿ ಟೇಪನ್ನು ಕೈಗೆ ಅಂಟಿಸಿಕೊಂಡೇ ಓಡಿ ಬಂದಳು. ಅತ್ತೆ ಚೂರುಗಳ ನಡುವೆ ಕೂತು ಫೋನನ್ನು ಮುಂದೆ ಹಿಡಿದಿದ್ದಳು.

"ನೋಡಿಲ್ಲಿ. ಬಳಿ ಹೆಚ್ಚಿದ್ವು. ನಾ ಹೆಚ್ಚು ಅಂತ ಒತ್ತಿದೆ. ಈ ಹಾಳಾದ ಫೋನ್ ಖರೆನ ಹೆಚ್ಚಿಗಿ ಮಾಡೈತಿ!"

ವೈಶಾಲಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದದ್ದೇ ನೆಲಕ್ಕೆ ಕುಕ್ಕರಿಸಿ ಆ ಪುಟ ತೆಗೆದಳು. ಯುಗಾದಿಯಿಂದ ಇವತ್ತಿನವರೆಗೆ ದಿನಾಂಕದ ಸಮೇತ ಒಂದೊಂದೂ ಅಲ್ಲಿತ್ತು. ಹಸಿರು ಬಳೆಯವನ್ನಷ್ಟೇ ಬೆರಳು ಮಡಚುತ್ತ ಕೂಡಿಸಿದಳು.

"ಇವತ್ತಿಂದು ಬಿಟ್ಟು ಇಪ್ಪತ್ಮೂರು ಡಜನ್ ಅತ್ತಿ. ಇಪ್ಪತ್ಮೂರು ಕಳೀಬೇಕಾಗಿತ್ತು, ಕಳಿಲಿಲ್ಲ. ಮ್ಯಾಲ ಇಪ್ಪತ್ಮೂರು ಕೂಡ್ಯಾವ. ಎರಡೂ ಸೇರಿ ನಲವತ್ತಾರು ತಪ್ಪು. ಎಂಬತ್ನಾಕರಾಗ ನಲವತ್ತಾರು ಹೋದ್ರ..."

"ಮೂವತ್ತೆಂಟು!" ಎಂದು ಕೂಗಿದಳು ಇಂದ್ರವ್ವ. ತಲೆಲೆಕ್ಕದಲ್ಲಿ ಅವಳನ್ನು ಮೀರಿಸಿದವರಿಲ್ಲ.

"ಮೂವತ್ತೆಂಟ್ರಿ! ಒಂದ ಒಂದು ಬಳೀನೂ ಫರಕಿಲ್ಲ! ನೀವು ಒಂದ ದಿನಾನೂ ಬಿಟ್ಟಿಲ್ಲಲ್ರಿ ಅತ್ತಿ! ಬಿಟ್ಟಿದ್ರ ಲೆಕ್ಕ ಹಿಂಗ ಕೂಡತಿದ್ದಿಲ್ಲ."

"ಜ್ವರಾ ಬಂದಾಗ ಸೈತ ಬರದೀನಿ" ಎಂದಳು ಇಂದ್ರವ್ವ. ದನಿಯಲ್ಲಿ ಹೆಮ್ಮೆಯೂ ಇತ್ತು, ಅಳುವೂ ಇತ್ತು. "ತಪ್ಪು ನಂದ ಬೇ. ನಿಂದೂ ಅಲ್ಲ, ಡಬ್ಬೀದೂ ಅಲ್ಲ."

"ನಂದೂ ಐತ್ರಿ. ಬಳಿ ಹೆಚ್ಚಿದಾಗೆಲ್ಲಾ ಒತ್ತರಿ ಅಂದಾಕಿ ನಾನ. ನಿಮಗ ಹೆದರಿ ಆ ಇನ್ನೊಂದು ಮಾತು ಬಾಯಾಗ ಬರಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರಿಗೆ ನಗೆ ಬಂತೋ ಹೇಳಲಾಗದು. ಇಂದ್ರವ್ವ ಗೋಡೆಗೆ ಒರಗಿ ನಕ್ಕಳು, ವೈಶಾಲಿ ಏಣಿ ಹಿಡಿದುಕೊಂಡು ನಕ್ಕಳು. "ಆಟೋ ಬಿದ್ದ ದಿನ ನಾವು ಸಾವಕಾರ ಆಗೀವಿ ಅಂತ ತಿಳಿದಿರಬೇಕ್ರಿ ಇದು!" ಎಂದು ಸೊಸೆ ಅಂದರೆ, "ಇನ್ನೊಂದ ನಾಲ್ಕು ಆಟೋ ಬಿದ್ದಿದ್ರ ಅಂಗಡಿ ಸಾಲತಿದ್ದಿಲ್ಲ!" ಎಂದು ಅತ್ತೆ ಅಂದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮಗ್ಗದ ಸದ್ದು ನಿಂತು ವೀರೇಶ ಬಾಗಿಲಲ್ಲಿ ಇಣುಕಿದ. ಅತ್ತೆ ಸೊಸೆ ಹೀಗೆ ನಗುವುದನ್ನು ಅವನು ನೋಡಿರಲಿಲ್ಲ. ಹೆದರಿ ವಾಪಸ್ ಹೋದ.

ನಗೆ ಇಳಿದ ಮೇಲೆ ನಾಳೆಯ ಚಿಂತೆ ಹಾಗೆಯೇ ಕೂತಿತ್ತು. ಈಗ ಉಳಿದದ್ದು ಮೂವತ್ತೇಳು ಡಜನ್. ಇನ್ನು ನಲವತ್ತಮೂರು ಬೇಕು. ವೈಶಾಲಿ ರಬಕವಿಯ ಅಂಗಡಿಗಳಿಗೆ ಫೋನು ಮಾಡಿದಳು, ಮುಧೋಳದ ಅಂಗಡಿಗೆ ಮಾಡಿದಳು. ಶ್ರಾವಣ ನೋಡಿ, ಹಸಿರು ಬಳೆ ಎಲ್ಲೆಡೆ ಖಾಲಿ. ಕೊನೆಗೆ ಒಂದೇ ಹೆಸರು ಉಳಿಯಿತು. ಆ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಲಿಲ್ಲ. ಇಂದ್ರವ್ವನೇ ಹೇಳಿದಳು.

ಜಮಖಂಡಿಯ ಅಣ್ಣಾಸಾಹೇಬ. ಐದು ವರ್ಷದ ಹಿಂದೆ ಅವನು ಯಾರೋ ಗಿರಾಕಿಯ ಮುಂದೆ "ಇಂದ್ರವ್ವಾರ ಅಂಗಡ್ಯಾಗ ಇಲ್ಲ ಅನ್ನೋ ಮಾತಿಲ್ಲ, ಆದ್ರ ಬಳೀನೂ ಇಲ್ಲ" ಎಂದಿದ್ದನಂತೆ. ಆ ಮಾತು ಕಿವಿಗೆ ಬಿದ್ದ ದಿನದಿಂದ ಇಂದ್ರವ್ವ ಅವನ ಜೊತೆ ಮಾತು ಬಿಟ್ಟಿದ್ದಳು. ಜಮಖಂಡಿಗೆ ಹೋದರೆ ಅವನ ಅಂಗಡಿ ಇರುವ ಓಣಿಯನ್ನೇ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದಳು.

"ನಾ ಮಾತಾಡ್ತೀನ್ರಿ ಅತ್ತಿ" ಎಂದಳು ವೈಶಾಲಿ.

"ಬ್ಯಾಡ. ಹೆಬ್ಬಟ್ಟು ನಂದು, ಮಾತೂ ನಂದ."

ಫೋನು ಹಚ್ಚಿದಳು. ಅತ್ತಲಿಂದ "ಯಾರ್ರಿ? ಬನಹಟ್ಟಿ ಇಂದ್ರವ್ವಾರಾ? ಸೂರ್ಯ ಯಾವ ದಿಕ್ಕಿಗೆ ಹುಟ್ಟ್ಯಾನ್ರಿ ಇವತ್ತ!" ಎಂಬ ದೊಡ್ಡ ದನಿ ಅಂಗಡಿಯೆಲ್ಲ ಕೇಳಿಸಿತು. ಇಂದ್ರವ್ವ ಕಣ್ಣು ಮುಚ್ಚಿದಳು. ನಲವತ್ತು ಜನ ಕೈ ಚಾಚಿ ಕೂತಿರುವುದು ಕಾಣಿಸಿತು.

"ಅಣ್ಣಾಸಾಹೇಬರ, ನಾಳೆ ಹುನ್ನೂರಾಗ ಕುಬಸ ಐತಿ. ಹಸರ ಬಳಿ ನನ್ನ ಕಡೆ..." ಎಂದು ತಡೆದಳು. ಮೂವತ್ತೆರಡು ವರ್ಷದ ಕದ ನೂಕಿ ಆ ಮಾತು ಹೊರಗೆ ಬಂತು. "ಇಲ್ಲರಿ. ಇಲ್ಲ. ನಲವತ್ಮೂರು ಡಜನ್ ಕಡಿಮಿ ಅದಾವ. ನೀವು ಕೊಟ್ರ ನನ್ನ ಮಾನ ಉಳಿತೈತಿ. ಮಾಲು ಬಂದ ಕೂಡ್ಲೆ ಬಳಿಗೆ ಬಳಿ ವಾಪಸ್ ಮುಟ್ಟಿಸ್ತೀನಿ." ಅಷ್ಟಕ್ಕೇ ನಿಲ್ಲಿಸದೆ, 'ಹೆಚ್ಚು' ಗುಂಡಿಯ ಕತೆಯನ್ನೂ ತಾನಾಗಿಯೇ ಹೇಳಿದಳು.

ಕತೆ ಮುಗಿಯುವಷ್ಟರಲ್ಲಿ ಅತ್ತಲಿಂದ ನಗೆ ಸಿಡಿಯಿತು. ಅಣ್ಣಾಸಾಹೇಬ ಕೆಮ್ಮಿ ಕೆಮ್ಮಿ ನಕ್ಕ. "ಯವ್ವಾ ತಾಯಿ! ನನ್ನ ಹೆಣತೀನೂ ಹಿಂಗ ಹೆಚ್ಚಿತು ಅಂತಾಳಲ್ರಿ, ನಾಳೆ ನಾನೂ ಕಂಪ್ಯೂಟರ್ ತಂದ್ರ ನನ್ನ ಗತಿ ಏನ್ರಿ! ಮುಂಜಾನೆ ಏಳಕ್ಕ ಅಂಗಡಿ ತಗದಿರ್ತೀನಿ, ಬರ್ರಿ."

ಅವನು ಹೇಳಿದ ಮಾತಿಗೆ ತಪ್ಪಲಿಲ್ಲ. ಶುಕ್ರವಾರ ಮುಂಜಾನೆ ಅತ್ತೆ ಸೊಸೆ ಆಟೋದಲ್ಲಿ ಜಮಖಂಡಿಗೆ ಹೋದಾಗ ಅಣ್ಣಾಸಾಹೇಬ ಡಬ್ಬಿ ಕಟ್ಟಿಟ್ಟು ಚಹಾ ತರಿಸಿ ಕಾಯುತ್ತಿದ್ದ. ವೈಶಾಲಿ ಎಣಿಸಿದಳು. ನಲವತ್ತೇಳು ಇದ್ದವು.

"ನಾಲ್ಕು ಜಾಸ್ತಿ ಅದಾವ್ರಿ ಕಾಕಾ."

"ಇರ್ಲಿ ತಂಗಿ. ನಲವತ್ತು ಜನಕ್ಕ ಬಳಿ ಇಡಿಸೋದ್ರಾಗ ನಾಲ್ಕ ಡಜನ್ ಹೆಚ್ಚಂಗಿಲ್ಲೇನು? ನಾನೂ ಬಳಿಗಾರ ಅದೀನಿ. ಮತ್ತ ಇಂದ್ರವ್ವಾರ, ಅವತ್ತ ಆ ಮಾತು ನಾ ಚಾಷ್ಟಿಗೆ ಅಂದಿದ್ದೆ. ತಪ್ಪಾತು."

"ಚಾಷ್ಟಿ ಛಲೋ ಇತ್ತು ಬಿಡ್ರಿ" ಎಂದಳು ಇಂದ್ರವ್ವ. "ನನಗ ನಗು ಬರಾಕ ಐದು ವರ್ಷ ಬೇಕಾತು."

ಆಟೋ ಹುನ್ನೂರಿನ ಹಾದಿ ಹಿಡಿದಾಗ ವೈಶಾಲಿ ಮೂವತ್ತೇಳಕ್ಕೆ ನಲವತ್ತೇಳು ಕೂಡಿಸಿ ಚಿಟ್ಟನೆ ಚೀರಿದಳು. "ಅತ್ತಿ, ಎಂಬತ್ನಾಕ್ರಿ! ಕಂಪ್ಯೂಟರ್ ಯಲ್ಲಕ್ಕಗ ಎಷ್ಟು ಹೇಳಿತ್ತೋ ಅಷ್ಟ ಒಯ್ಯಾಕತ್ತೀವಿ!"

"ಮತ್ತ? ನನ್ನ ಅಂಗಡಿ ಡಬ್ಬಿ ಸುಳ್ಳು ಹೇಳತೈತೇನು?" ಎಂದಳು ಇಂದ್ರವ್ವ.

ಹುನ್ನೂರಿನಲ್ಲಿ ಸಂಘದ ಅಂಗಳಕ್ಕೆ ಹಂದರ ಹಾಕಿದ್ದರು. ನಲವತ್ತು ಜನ, ಕೆಲವರು ಹಸಿರು ಇಳಕಲ್ ಸೀರೆ, ಕೆಲವರು ಸಾದಾ ಸೀರೆ, ಎಲ್ಲರ ತಲೆಯಲ್ಲೂ ಮಲ್ಲಿಗೆ. ಹಾಡುವವರು ಹಾಡುತ್ತಿದ್ದರು, ಹೋಳಿಗೆ ಬೇಯುವ ವಾಸನೆ ಬರುತ್ತಿತ್ತು. ಇಂದ್ರವ್ವ ಸೆರಗು ಸಿಕ್ಕಿಸಿ ಕೂತಳು. ಒಂದು ಸಾಲು ತಾನು, ಇನ್ನೊಂದು ಸಾಲು ವೈಶಾಲಿ. ಗಟ್ಟಿ ಕೈಗೆ ಎಣ್ಣೆ ಹಚ್ಚಿ ನೀವಿ, ಮಾತಾಡಿಸಿ ಮರೆಸಿ, ನಾಲ್ಕು ಬೆರಳು ಒತ್ತಿ ಬಳೆ ಏರಿಸುವ ಇಂದ್ರವ್ವನ ಕೈಚಳಕವನ್ನು ನೋಡಲು ಹೆಂಗಸರು ಮುತ್ತಿಕೊಂಡರು. ಆಗಾಗ ಚಟ್ ಎಂದರೆ ಸಾಕು, ನಾಲ್ಕಾರು ದನಿಗಳು ಒಟ್ಟಿಗೆ "ಹೆಚ್ಚಿತು!" ಎನ್ನುತ್ತಿದ್ದವು. ಅತ್ತೆ ಸೊಸೆ ಪರಸ್ಪರ ನೋಡಿ ನಗೆ ತಡೆಯಲಾರದೆ ತಲೆ ತಗ್ಗಿಸುತ್ತಿದ್ದರು. ಒಮ್ಮೆ ಇಂದ್ರವ್ವ ಪಕ್ಕಕ್ಕೆ ಬಾಗಿ "ಬರ್ಕೋ, ಒಂದು ಹೆಚ್ಚಿತು. ಆ ಕೆಂಪು ಗುಂಡಿ ನೀನ ಒತ್ತು, ನಾ ಮುಟ್ಟಂಗಿಲ್ಲ" ಎಂದು ಪಿಸುಗುಟ್ಟಿದಳು.

ಒಂದು ಗಂಟೆಯ ಹೊತ್ತಿಗೆ ನಲವತ್ತನೆಯವಳ ಕೈ ತುಂಬಿತು. ಹತ್ತೊಂಬತ್ತರ ಹುಡುಗಿ, ಚೊಚ್ಚಲು. ಕೈ ಅಲುಗಿಸಿ ಅಲುಗಿಸಿ ಬಳೆಯ ಸದ್ದು ಕೇಳಿಕೊಳ್ಳುತ್ತಿದ್ದಳು. ಇಂದ್ರವ್ವ ಅವಳ ಗಲ್ಲ ಹಿಡಿದು, ದೃಷ್ಟಿಯಾಗದಿರಲೆಂದು ಲಟಿಕೆ ಮುರಿದಳು. ಎದೆಯ ಮೇಲಿನ ಕಲ್ಲು ಆಗ ಇಳಿಯಿತು.

ಬಸುರಿಯರಿಗೆಲ್ಲ ಉಡಿ ತುಂಬಿದ ಮೇಲೆ ಬಳೆ ಇಡಿಸಿದ ಅಂಗಡಿಯ ಯಜಮಾನಿಗೂ ಒಂದು ಉಡಿ ತುಂಬುವುದು ಆ ಸಂಘದ ಪದ್ಧತಿ. ಯಲ್ಲಕ್ಕ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ರವಿಕೆಯ ಖಣ ಇಟ್ಟುಕೊಂಡು ಬಂದಳು. "ಬಾ ಇಂದ್ರವ್ವಕ್ಕಾ, ಸೆರಗ ಹಿಡಿ. ಹೇಳಿದ ಹೊತ್ತಿಗೆ, ಹೇಳಿದಷ್ಟು ತಂದಿ. ನಿನ್ನ ಅಂಗಡಿ ಹೆಸರು ಉಳಿಸಿದಿ."

ಇಂದ್ರವ್ವ ಎದ್ದು ನಿಂತಳು. ಸೆರಗಿಗೆ ಕೈಯನ್ನೂ ಹಾಕಿದಳು. ಆಮೇಲೆ ಕೈ ಬಿಟ್ಟು, ಹಿಂದೆ ಖಾಲಿ ಡಬ್ಬಿ ಕಟ್ಟುತ್ತಿದ್ದ ವೈಶಾಲಿಯ ರಟ್ಟೆ ಹಿಡಿದು ಮುಂದೆ ಎಳೆದಳು.

"ಯಜಮಾನ್ತಿ ಇಕಿ. ಇವತ್ತಿಂದ ಅಂಗಡಿ ಇಕಿದು. ಎಷ್ಟು ಐತಿ, ಎಷ್ಟು ಇಲ್ಲ ಅಂತ ಇಕಿನ್ನ ಕೇಳ್ರಿ. ನಾ ಬಳಿ ಇಡಿಸಾಕಿ ಅಷ್ಟ."

ವೈಶಾಲಿ ಅತ್ತೆಯ ಮುಖವನ್ನೇ ನೋಡುತ್ತ ನಿಂತುಬಿಟ್ಟಳು. ಯಲ್ಲಕ್ಕ ನಕ್ಕು ಮೊರ ಎತ್ತಿದಳು. ಇಂದ್ರವ್ವ ತಾನೇ ಸೊಸೆಯ ಸೆರಗು ಬಿಡಿಸಿ, ಎರಡೂ ಅಂಚನ್ನು ಅವಳ ಕೈಗೆ ಕೊಟ್ಟಳು.

"ಗಟ್ಟಿ ಹಿಡಿ ಬೇ" ಎಂದಳು. "ಭಾರ ಐತಿ."